ಎರಡು ನಿಮಿಷ ನಲವತ್ತೊಂದು ಸೆಕೆಂಡು

ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ವೆಂಕಟರಮಣಪ್ಪನವರು ಮೂವತ್ತನಾಲ್ಕು ವರ್ಷ ಮಾಡಿದ ಕೆಲಸ ಒಂದೇ: ಬೇರೆಯವರ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವುದು. ಅವರು ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಂತರೆ ಸಾಕು, ಎಂಥ ಚುರುಕು ಕೆಲಸಗಾರನ ಕೈಯೂ ನಿಧಾನವಾಗುತ್ತಿತ್ತು. ಇವತ್ತು ಬೇಗ ಮುಗಿಸಿದರೆ ನಾಳೆಯಿಂದ ಅದೇ ಖಾಯಂ ಆಗುತ್ತದಲ್ಲ! ಚಿಕ್ಕಮುನಿಯಪ್ಪನೆಂಬ ಲೇತ್ ಆಪರೇಟರ್ ಅಂತೂ ಇವರ ನೆರಳು ಕಂಡೊಡನೆ ಕನ್ನಡಕ ಒರೆಸಲು ಶುರುಮಾಡುತ್ತಿದ್ದ. ನಿವೃತ್ತರಾಗಿ ಚಿಕ್ಕಬಾಣಾವರದಲ್ಲಿ ಮನೆ ಕಟ್ಟಿಕೊಂಡ ಮೇಲೂ ಅಭ್ಯಾಸ ಹೋಗಲಿಲ್ಲ. ಕುಕ್ಕರಿನ ಮೊದಲ ಸೀಟಿಗೂ ಎರಡನೆಯದಕ್ಕೂ ನಡುವೆ ಎಷ್ಟು ಸೆಕೆಂಡೆಂದು ಹೆಂಡತಿ ಅನುಸೂಯಮ್ಮನಿಗೆ ತಿಳಿಸುತ್ತಿದ್ದರು. ಆಕೆ ಎಂದೂ ಕೇಳಿರಲಿಲ್ಲ.

ಬಡಾವಣೆಯ ಸಂಘಕ್ಕೆ ಅವರೇ ಕಾರ್ಯದರ್ಶಿ. ನೀರು ಬರುತ್ತಿಲ್ಲವೆಂದು ಅರ್ಜಿ ಟೈಪ್ ಮಾಡಲು ಮನೆಯಲ್ಲೊಂದು ಕಂಪ್ಯೂಟರ್ ಇತ್ತು. 2007ರ ಬೇಸಿಗೆಯಲ್ಲಿ ಅದರ ಮೆದುಳು, ಅಂದರೆ ಪ್ರೊಸೆಸರ್, ಕೈಕೊಟ್ಟಿತು. ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಮುನೀಂದ್ರ ಹೊಸದನ್ನು ಹಾಕಿಕೊಟ್ಟು, ಹಳೆಯದು ಎತ್ತಿನ ಗಾಡಿ, ಇದು ರೈಲು ಎಂದ. ಯಾವ ರೈಲು ಎಂದು ವೆಂಕಟರಮಣಪ್ಪನವರು ಕೇಳಿದರು. ಆ ಸ್ಟೇಷನ್ನಿನಲ್ಲಿ ಓಡಾಡಿದವರಿಗೆ ಎಲ್ಲ ರೈಲುಗಳ ಬಗ್ಗೆಯೂ ಒಂದೇ ಅಭಿಪ್ರಾಯವಿರಲಿಲ್ಲ.

ಮನೆಗೆ ತಂದು ಹಚ್ಚಿದರು. ಗುಂಡಿ ಒತ್ತಿ ಟೈಪ್ ಮಾಡುವ ಹಾಳೆ ತೆರೆಯುವ ತನಕ ಹಳೆಯದಕ್ಕೆ ಒಂದು ನಿಮಿಷ ಐವತ್ತೆರಡು ಸೆಕೆಂಡು ಹಿಡಿಯುತ್ತಿತ್ತು. ಹೊಸದಕ್ಕೆ ಎರಡು ನಿಮಿಷ ನಲವತ್ತೊಂದು. ‘ಮಾನ್ಯರೇ’ ಎಂದು ಒತ್ತಿ ಕೈ ತೆಗೆದ ಮೇಲೆ ಅಕ್ಷರಗಳು ಊಟ ಮುಗಿದ ಮದುವೆಮನೆಗೆ ಬರುವ ನೆಂಟರ ಹಾಗೆ ಒಂದೊಂದಾಗಿ ಬರುತ್ತಿದ್ದವು. ಐದು ದಿನ, ಹದಿನಾಲ್ಕು ಸಲ ಅಳೆದು ಪುಸ್ತಕದಲ್ಲಿ ಬರೆದರು. ಚಿಕ್ಕಮುನಿಯಪ್ಪನ ನೆನಪಾಗಿ ಒಂದು ಸಲ ಸ್ಟಾಪ್‌ವಾಚನ್ನು ಜೇಬಿನೊಳಗೇ ಬಚ್ಚಿಟ್ಟು ಒತ್ತಿಯೂ ನೋಡಿದರು. ಆಗಲೂ ಅಷ್ಟೇ.

ಮುನೀಂದ್ರ ಮೊದಲು, ಹೊಸದಲ್ಲವೇ, ನಿಮಗೆ ಹಾಗನ್ನಿಸುತ್ತದೆ ಎಂದ. ಪುಸ್ತಕ ನೋಡಿದ ಮೇಲೆ ವೈರಸ್ ಎಂದ. ಎಲ್ಲ ಅಳಿಸಿ ಹೊಸದಾಗಿ ತುಂಬಿದ. ಅಂಗಡಿಯಲ್ಲಿ ಒಂದು ನಿಮಿಷ ಎಂಟು ಸೆಕೆಂಡಿಗೆ ಹಾಳೆ ತೆರೆಯಿತು. ಮನೆಗೆ ಬಂದರೆ ಮತ್ತೆ ಎರಡು ನಲವತ್ತೊಂದು. ಎರಡನೆಯ ಸಲ ಒಯ್ದಾಗಲೂ ಅಂಗಡಿಯಲ್ಲಿ ಕುದುರೆ, ಮನೆಯಲ್ಲಿ ಎಮ್ಮೆ. ನಿಮ್ಮ ಮನೆಯ ಕರೆಂಟೇ ಸರಿಯಿಲ್ಲ ಎಂದು ಮುನೀಂದ್ರ ಕೈತೊಳೆದುಕೊಂಡ. ವೆಂಕಟರಮಣಪ್ಪನವರು ಲೈನ್‌ಮನ್ ಭೀಮಪ್ಪನನ್ನು ಕರೆಸಿದರು. ಅವನು ಮೀಟರ್ ಇಟ್ಟು ನೋಡಿ, ಕರೆಂಟಿಗೆ ಯಾವ ರೋಗವೂ ಇಲ್ಲವೆಂದು ಹೇಳಿ ಕಾಫಿ ಕುಡಿದು ಹೋದ.

ಮೂರನೆಯ ಸಲ ಮುನೀಂದ್ರನಲ್ಲಿಗೆ ಒಯ್ಯುವಾಗ ಆಟೋದಲ್ಲಿ ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಳ್ಳಲು ಅನುಸೂಯಮ್ಮನೂ ಹೋದರು. ಅಂಗಡಿಯಲ್ಲಿ ಮಾಡಲು ಕೆಲಸವಿಲ್ಲದೆ ಒಂದು ಗಂಟೆ ಸುಮ್ಮನೆ ನೋಡುತ್ತ ಕೂತಿದ್ದರು. ಮನೆಗೆ ಬಂದು ಗಂಡ ಮತ್ತೆ ಎರಡು ನಲವತ್ತೊಂದು ಎಂದು ಬರೆಯುತ್ತಿದ್ದಾಗ ಹೇಳಿದರು:

“ಅವ್ನು ಅದನ್ನ ಮೇಜಿನ ಮೇಲೆ ಮಲಗಿಸ್ತಾನೆ ಕಣ್ರೀ. ನೀವು ಇಲ್ಲಿ ನಿಲ್ಲಿಸ್ತೀರಿ. ಮಲಗಿಸಿ ನೋಡಬಾರ್ದಾ?”

ವೆಂಕಟರಮಣಪ್ಪನವರು ನಕ್ಕರು. ಮಲಗಿಕೊಂಡು ಹೆಚ್ಚು ಕೆಲಸ ಮಾಡಿದವರನ್ನು ಅವರು ಸರ್ವೀಸಿನಲ್ಲಿ ಕಂಡಿರಲಿಲ್ಲ. ಆದರೂ ಆಕೆ ಒಳಗೆ ಹೋದ ಮೇಲೆ ಪೆಟ್ಟಿಗೆ ಆರಲು ಬಿಟ್ಟು, ಮೆಲ್ಲಗೆ ಅಡ್ಡ ಮಲಗಿಸಿ ಗುಂಡಿ ಒತ್ತಿದರು. ಒಂದು ನಿಮಿಷ ಎಂಟು ಸೆಕೆಂಡು. ನಿಲ್ಲಿಸಿದರೆ ಎಮ್ಮೆ, ಮಲಗಿಸಿದರೆ ಕುದುರೆ. ಆರು ಸಲ ನಿಲ್ಲಿಸಿ, ಆರು ಸಲ ಮಲಗಿಸಿ, ಊಟಕ್ಕೂ ಏಳದೆ ಮುನೀಂದ್ರನಿಗೆ ಫೋನ್ ಮಾಡಿದರು.

ಮುನೀಂದ್ರ ನಂಬದೆಯೇ ಬಂದ. ನಿಂತ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದವನ ಮುಖ ಸಣ್ಣಗಾಯಿತು. ಪ್ರೊಸೆಸರನ್ನು ತಂಪಾಗಿಡುವ ಫ್ಯಾನಿಗೆ ನಾಲ್ಕು ಕಾಲುಗಳಿದ್ದವು. ಮೇಲಿನೆರಡನ್ನು ಅವನು ತೂತಿನೊಳಗೆ ಸರಿಯಾಗಿ ಒತ್ತಿರಲೇ ಇಲ್ಲ. ಮಲಗಿಸಿದಾಗ ಫ್ಯಾನು ತನ್ನ ಭಾರಕ್ಕೇ ಪ್ರೊಸೆಸರಿನ ಮೇಲೆ ಕೂರುತ್ತಿತ್ತು. ನಿಲ್ಲಿಸಿದಾಗ ಮುಂದಕ್ಕೆ ಜೋತುಬೀಳುತ್ತಿತ್ತು.

“ನಂದೇ ತಪ್ಪು ಸಾರ್. ಬಿಸಿ ಜಾಸ್ತಿ ಆದ್ರೆ ಪ್ರೊಸೆಸರ್ರೇ ಸ್ಪೀಡ್ ಕಮ್ಮಿ ಮಾಡ್ಕೊಳ್ಳುತ್ತೆ, ಸುಟ್ಟು ಹೋಗ್ಬಾರ್ದು ಅಂತ.”

“ತಾನಾಗೇ?”

“ಹೂಂ ಸಾರ್.”

ವೆಂಕಟರಮಣಪ್ಪನವರು ಸ್ಟಾಪ್‌ವಾಚನ್ನು ಜೇಬಿಗಿಳಿಸಿದರು. “ಇದಕ್ಕೆ ಕಾರ್ಖಾನೇಲಿ ನಾವು ಮೆಮೊ ಕೊಡ್ತಿದ್ವಿ” ಎಂದರು.

ಮುನೀಂದ್ರ ಎರಡು ಕಾಲುಗಳನ್ನೂ ಟಕ್ಕೆಂದು ಒತ್ತಿ ಕೂರಿಸಿದ. ಅಂದಿನಿಂದ ಪೆಟ್ಟಿಗೆ ನಿಂತುಕೊಂಡೇ ಓಡಿತು.

ಅದಾದ ಮೇಲೆ ಅಂಗಡಿಗೆ ಯಾರಾದರೂ ಕಂಪ್ಯೂಟರ್ ಸ್ಲೋ ಎಂದು ಬಂದರೆ ಮುನೀಂದ್ರ ವೆಂಕಟರಮಣಪ್ಪನವರಿಗೇ ಹೇಳಿಕಳಿಸತೊಡಗಿದ. ಅಲ್ಲಿ ಅವರಿಗೆ ಕೂರಲು ಒಂದು ಸ್ಟೂಲೂ ಮೀಸಲಾಯಿತು. ಸ್ಲೋ ಅಂದರೆ ಎಷ್ಟು ಸೆಕೆಂಡು ಎಂದು ಅವರು ಕೇಳುತ್ತಿದ್ದರು; ನೋಡಿಕೊಂಡು ಬರುತ್ತೇವೆಂದು ಹೋದವರಲ್ಲಿ ಅರ್ಧ ಜನ ತಿರುಗಿ ಬರುತ್ತಿರಲಿಲ್ಲ. ಒಂದು ದಿನ ಜೆರಾಕ್ಸ್ ಅಂಗಡಿಯ ಗಂಗಮ್ಮ ಬಂದರು. ಅವರಿಗೂ ಅದೇ ಪ್ರಶ್ನೆ.

“ಸೆಕೆಂಡೆಲ್ಲ ಗೊತ್ತಿಲ್ಲ ಸಾರ್,” ಎಂದರು ಗಂಗಮ್ಮ. “ಅಳು ಬರೋವಷ್ಟು.”

ವೆಂಕಟರಮಣಪ್ಪನವರು ಪುಸ್ತಕ ತೆರೆದರು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ತಿಳಿಯದೆ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಆಕೆಯ ಹಿಂದೆಯೇ ಜೆರಾಕ್ಸ್ ಅಂಗಡಿಗೆ ಹೊರಟರು.