ಕಹಿಗೆಣಸಿನ ಗಿರಣಿ

ಅವಳು ನಮ್ಮ ಪ್ರಯೋಗಾಲಯಕ್ಕೆ ಬಂದ ಮೊದಲ ದಿನ ನಾನು ಅವಳನ್ನು ಅರ್ಧ ಗಂಟೆ ಬಾಗಿಲಲ್ಲೇ ನಿಲ್ಲಿಸಿದ್ದೆ. ಏನೋ ಮಾರಲು ಬಂದವಳು ಅಂದುಕೊಂಡಿದ್ದೆ. ಪ್ರಯೋಗಾಲಯದ ಯಜಮಾನರು ಬಂದು, ಇವಳು ತಾಂಜಾನಿಯಾದವಳು, ಇಲ್ಲೇ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ, ಆರು ತಿಂಗಳು ನಮ್ಮಲ್ಲಿ ಕೆಲಸ ಕಲಿಯುತ್ತಾಳೆ ಎಂದು ಹೇಳಿದ ಮೇಲೆ ನನಗೆ ನಾಚಿಕೆಯಾಯಿತು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಚಪ್ಪಲಿ ಕಳಚಿ ಒಳಗೆ ಬಂದು, ಕೈ ತೊಳೆಯುವುದು ಎಲ್ಲಿ ಎಂದು ಕೇಳಿದಳು.

ಆಗ ನಾವು ತಿರುವನಂತಪುರದಲ್ಲಿದ್ದೆವು. ನನ್ನ ಗಂಡನದು ಬ್ಯಾಂಕ್ ನೌಕರಿ. ಧಾರವಾಡ ಬಿಟ್ಟು ಊರಿಂದೂರಿಗೆ ವರ್ಗವಾಗುತ್ತ ಅಲ್ಲಿಗೆ ಬಂದಿದ್ದೆವು. ರಸಾಯನಶಾಸ್ತ್ರ ಓದಿ ಮನೆಯಲ್ಲಿ ಕೂರುವುದಕ್ಕಿಂತ ವಾಸಿ ಎಂದು ನಾನು ಶ್ರೀಕಾರ್ಯಂನ ಒಂದು ಸಣ್ಣ ಖಾಸಗಿ ಪ್ರಯೋಗಾಲಯ ಸೇರಿದ್ದೆ. ಹೊರದೇಶಕ್ಕೆ ಮೆಣಸು, ಅರಿಶಿನ, ಹಿಟ್ಟು ಕಳಿಸುವವರು ಮಾದರಿ ತಂದುಕೊಡುತ್ತಿದ್ದರು. ನಾವು ಪರೀಕ್ಷಿಸಿ ವರದಿ ಕೊಡುತ್ತಿದ್ದೆವು. ನಾಲ್ಕು ಜನ ಕೆಲಸಗಾರರು, ಎರಡು ಕೋಣೆ.

ಅವಳಿಗೆ ಬೇಕಾಗಿದ್ದುದು ಒಂದೇ ಪರೀಕ್ಷೆ. ಮರಗೆಣಸಿನ ಹಿಟ್ಟಿನಲ್ಲಿ ವಿಷ ಎಷ್ಟಿದೆ ಎಂದು ನೋಡುವುದು. ಚಿಟಿಕೆ ಹಿಟ್ಟನ್ನು ಸಣ್ಣ ಬಾಟಲಿಗೆ ಹಾಕಿ, ನೀರು ಸೇರಿಸಿ, ಹಳದಿ ಬಣ್ಣದ ಒಂದು ಕಾಗದದ ಪಟ್ಟಿಯನ್ನು ಅದರೊಳಗೆ ತೂಗುಬಿಟ್ಟು ಬಿರಡೆ ಹಾಕುತ್ತೇವೆ. ಮರುದಿನ ಪಟ್ಟಿ ಹಳದಿಯಾಗಿಯೇ ಇದ್ದರೆ ಹಿಟ್ಟು ಒಳ್ಳೆಯದು. ಕಂದಾದಷ್ಟೂ ಕೆಟ್ಟದ್ದು. ಕೇರಳದವರು ಕಪ್ಪ ಎಂದು ಕರೆದು ಮೀನಿನ ಸಾರಿನ ಜೊತೆ ತಿನ್ನುವ ಮರಗೆಣಸು ಸಿಹಿ ಜಾತಿಯದು, ಬೇಯಿಸಿ ನೀರು ಚೆಲ್ಲಿದರೆ ಮುಗಿಯಿತು. ಅವಳ ಊರಿನದು ಕಹಿ ಜಾತಿ. ಕಾಡುಹಂದಿ ಮುಟ್ಟುವುದಿಲ್ಲ, ಕಳ್ಳರೂ ಕೀಳುವುದಿಲ್ಲ, ಮಳೆ ಕೈಕೊಟ್ಟರೂ ಬೆಳೆಯುತ್ತದೆ. ಹಾಗಾಗಿ ಬಡವರೆಲ್ಲ ಅದನ್ನೇ ಬೆಳೆಯುತ್ತಾರೆ. ನೆನೆಹಾಕಿ, ದಿನಗಟ್ಟಲೆ ಒಣಗಿಸಿ, ಕುಟ್ಟಿ ಹಿಟ್ಟು ಮಾಡಿದರೆ ವಿಷ ಹೋಗುತ್ತದೆ. ಬರ ಬಂದಾಗ ಗೆಣಸಿನಲ್ಲಿ ವಿಷ ಹೆಚ್ಚುತ್ತದೆ, ಹಸಿದವರಿಗೆ ಒಣಗುವ ತನಕ ಕಾಯುವ ತಾಳ್ಮೆ ಇರುವುದಿಲ್ಲ. ಇದನ್ನೆಲ್ಲ ಅವಳು ಪಾಠ ಒಪ್ಪಿಸುವವಳಂತೆ ಹೇಳಿದ್ದಳು. ತಂಗಿಯ ವಿಷಯ ಹೇಳಿದ್ದು ಎಷ್ಟೋ ವಾರಗಳ ನಂತರ.

ಅದು ನಮ್ಮ ಮನೆಯಲ್ಲಿ, ಒಂದು ಭಾನುವಾರದ ಊಟದ ಹೊತ್ತು. ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ವಾಸನೆಗೆ ಅಡುಗೆಮನೆಗೆ ಬಂದವಳು ಮುಷ್ಟಿಯಲ್ಲಿ ಹಿಟ್ಟು ಹಿಡಿದು ನೋಡಿ, ಈ ಕಾಳು ತನ್ನ ಅಜ್ಜಿಯ ಹೊಲದಲ್ಲೂ ಇತ್ತು, ಹಕ್ಕಿಗಳ ಕಾಟಕ್ಕೆ ಬಿಟ್ಟು ಗೆಣಸು ಹಾಕಿದರು ಎಂದಳು. ಆ ಗೆಣಸನ್ನು ತಿಂದೇ ತಂಗಿಯ ಕಾಲು ಹೋಗಿತ್ತು. ಒಂಬತ್ತು ವರ್ಷದ ಹುಡುಗಿ ರಾತ್ರಿ ಆಡಿ ಮಲಗಿದ್ದಳಂತೆ, ಬೆಳಿಗ್ಗೆ ಎದ್ದು ನಿಲ್ಲಲು ಹೋದರೆ ಎರಡೂ ಕಾಲು ಸೆಟೆದು ಒಂದರ ಮೇಲೊಂದು ಹೆಣೆದುಕೊಂಡಿದ್ದವು. ಅದು ಗುಣವಾಗುವ ಕಾಯಿಲೆಯಲ್ಲ. ಅಂದಿನಿಂದ ಅವಳು ಎರಡು ಕೋಲು ಊರಿ, ತುದಿಗಾಲಲ್ಲಿ ನಡೆಯುತ್ತಾಳೆ. ಅದೇ ವರ್ಷ ಆ ಕೇರಿಯಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಹೀಗೆಯೇ ಆಯಿತು. ಮಾಟ ಎಂದು ಜನ ಅಂದುಕೊಂಡರು.

"ನಾನೂ ಅದೇ ಪಾತ್ರೆಯಲ್ಲಿ ಉಂಡಿದ್ದೆ ಚೇಚ್ಚಿ," ಎಂದಳು. ಇಲ್ಲಿನವರಿಂದ ಕಲಿತು ನನ್ನನ್ನು ಹಾಗೆ, ಅಕ್ಕ ಎಂದು, ಕರೆಯುತ್ತಿದ್ದಳು. "ನನಗೇನೂ ಆಗಲಿಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ಊರಿಗೆ ಹೋಗಿ ಒಂದು ಗಿರಣಿ ಹಾಕುವುದು ಅವಳ ಯೋಜನೆ. ಹೆಂಗಸರು ಒಣಗಿದ ಗೆಣಸು ತರುತ್ತಾರೆ. ಅವಳು ಬೀಸಿ, ಹಿಟ್ಟಿಗೆ ನೀರು ಕಲಸಿ ಚಾಪೆಯ ಮೇಲೆ ತೆಳ್ಳಗೆ ಹರಡುತ್ತಾಳೆ. ಕೆಲವು ತಾಸಿನಲ್ಲಿ ವಿಷ ಗಾಳಿಗೆ ಹೋಗುತ್ತದೆ. ಮತ್ತೆ ಒಣಗಿಸಿ, ಕಾಗದದಲ್ಲಿ ಪರೀಕ್ಷಿಸಿ, ಕೊಡುತ್ತಾಳೆ. ಕೂಲಿಗೆ ಹಿಟ್ಟಿನಲ್ಲೇ ಒಂದು ಪಾಲು, ಅದನ್ನು ಪೇಟೆಯ ಅಂಗಡಿಗಳಿಗೆ ಮಾರುವುದು. ಶಾಲಾ ಮಾಸ್ತರರಾದ ಅವಳ ಅಪ್ಪನಿಗೆ ಇದು ಹಿಡಿಸಿರಲಿಲ್ಲ. ಸಮುದ್ರ ದಾಟಿ ಓದಿದ ಮಗಳು ಹಿಟ್ಟು ಬೀಸುವುದೇ ಎಂದು ಫೋನಿನಲ್ಲಿ ಕೂಗಾಡಿದ್ದರು.

ಅದೇ ವರ್ಷ ಕೊಚ್ಚಿಯ ಹತ್ತಿರದ ಕಳಮಶ್ಶೇರಿಯಲ್ಲಿ, ಹೊಸ ಉದ್ಯಮ ಶುರುಮಾಡುವ ಯುವಕರಿಗೆಂದು ಒಂದು ದಿನದ ಸಭೆ ನಡೆಯಿತು. ಅವಳಿಗೂ ಐದು ನಿಮಿಷ ಸಿಕ್ಕಿತು. ಜೊತೆಗೆ ಬನ್ನಿ ಎಂದು ಕರೆದಳು, ರಜೆ ಹಾಕಿ ರೈಲಿನಲ್ಲಿ ಹೋದೆ. ತಂಪು ಸಭಾಂಗಣ, ಎದುರಿಗೆ ಮೂವರು ತೀರ್ಪುಗಾರರು. ಅವಳು ತಂಗಿಯ ಚಿತ್ರ ತೋರಿಸಲಿಲ್ಲ, ಕಾಯಿಲೆಯನ್ನು ಎರಡೇ ಮಾತಿನಲ್ಲಿ ಹೇಳಿದಳು. ಅವರಲ್ಲೊಬ್ಬರು ಮರ್ಯಾದೆಯಿಂದಲೇ ಕೇಳಿದರು: ಗೆಣಸಿನ ಚಿಪ್ಸ್ ಮಾಡಿ ನಗರಗಳಿಗೆ ಮಾರಬಹುದಲ್ಲ, ಬಡ ಹಳ್ಳಿಯವರನ್ನೇ ಗಿರಾಕಿ ಮಾಡಿಕೊಂಡರೆ ಉದ್ಯಮ ಬೆಳೆಯುವುದು ಹೇಗೆ?

"ಇಷ್ಟಪಟ್ಟು ತಿನ್ನುವವರಿಗೆ ಮಾರುವ ಜನ ಬೇಕಾದಷ್ಟಿದ್ದಾರೆ ಸರ್," ಎಂದಳು. "ವಿಧಿಯಿಲ್ಲದೆ ತಿನ್ನುವವರಿಗಾಗಿ ನಾನು ಮಾಡ್ತಿದ್ದೀನಿ."

ಬಹುಮಾನ ಬರಲಿಲ್ಲ. ಹಿಟ್ಟು ರಫ್ತು ಮಾಡುವ ಒಬ್ಬರು ಅಲ್ಲೇ ಕರೆದು ಕೆಲಸ ಕೊಡುತ್ತೇನೆಂದರು. ವಾಪಸು ಬರುವಾಗ ರೈಲಿನಲ್ಲಿ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಿನ್ನುತ್ತ, ಒಪ್ಪಿಕೊಳ್ಳಬಾರದೇ ಎಂದು ನಾನೂ ಹೇಳಿ ನೋಡಿದೆ. ಎರಡು ವರ್ಷ ದುಡಿದು ಆಮೇಲೆ ಹೋಗು ಎಂದೆ. ಎರಡು ವರ್ಷ ಅಂದರೆ ಎರಡು ಸುಗ್ಗಿ ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು.

ಪದವಿ ಮುಗಿದ ಕೂಡಲೇ ಊರಿಗೆ ಹೋದಳು. ಒಂದು ವರ್ಷದಲ್ಲಿ ಗಿರಣಿ ಎದ್ದಿತು. ತಗಡಿನ ಮಾಡು, ಒಂದು ಡೀಸೆಲ್ ಯಂತ್ರ, ಅಂಗಳದ ತುಂಬ ಚಾಪೆ. ಪರೀಕ್ಷೆಯ ಕೆಲಸ ತಂಗಿಯದು. ಕೂತಲ್ಲೇ ಮಾಡುವ ಕೆಲಸ, ಕಣ್ಣು ಚುರುಕಾಗಿರಬೇಕು ಅಷ್ಟೆ. ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತ ಆ ಹುಡುಗಿಯ ಫೋಟೊ ಕಳಿಸಿದ್ದಳು. ಪಟ್ಟಿ ತೀರಾ ಕಂದಾದರೆ ಆ ಚೀಲವನ್ನು ಇನ್ನೊಮ್ಮೆ ನೆನೆಸಿ ಹರಡಬೇಕು. ತಂಗಿ ಬೇಡವೆಂದರೆ ಅವ್ವ ಬಂದು ಬೇಡಿದರೂ ಹಿಟ್ಟು ಹೊರಗೆ ಹೋಗುವುದಿಲ್ಲ ಎಂದು ಬರೆದಿದ್ದಳು. ಅಪ್ಪ ಸಂಜೆ ಬಂದು ಚೀಲ ಹೊಲಿದುಕೊಡುವುದಕ್ಕೆ ಶುರು ಮಾಡಿದ್ದರಂತೆ.

ಹಳದಿ ಪಟ್ಟಿಗಳನ್ನು ಮಾತ್ರ ಇಲ್ಲಿಂದ ನಾನು ಕಳಿಸಬೇಕಾಗಿತ್ತು. ಅದನ್ನು ತಯಾರಿಸುವ ರಾಸಾಯನಿಕ ಅವಳಿಗೆ ಅಲ್ಲಿ ಸಿಗುತ್ತಿರಲಿಲ್ಲ, ಸಿಡಿಯುವ ಅಪಾಯವಿದ್ದುದರಿಂದ ಪೋಸ್ಟಿನಲ್ಲಿ ಕಳಿಸುವಂತೆಯೂ ಇರಲಿಲ್ಲ. ಅದ್ದಿ ಒಣಗಿಸಿದ ಕಾಗದ ಕಳಿಸಬಹುದು. ಕೆಲವೇ ತಿಂಗಳಲ್ಲಿ ಬಣ್ಣಗೆಡುವುದರಿಂದ ಒಟ್ಟಿಗೆ ರಾಶಿ ಕಳಿಸಿ ಪ್ರಯೋಜನವಿಲ್ಲ. ಯಜಮಾನರು ಒಳ್ಳೆಯವರು, ಕೇಳಿದಾಗೆಲ್ಲ ಆಗಲಿ ಎನ್ನುತ್ತಿದ್ದರು. ಮೂರು ತಿಂಗಳಿಗೊಮ್ಮೆ ಒಂದು ಪೊಟ್ಟಣ ಹೋಗುತ್ತಿತ್ತು.

ಗಂಡನಿಗೆ ಕೊಚ್ಚಿಗೆ ವರ್ಗವಾಯಿತು. ತ್ರಿಪ್ಪುಣಿತ್ತುರದಲ್ಲಿ ಮನೆ ಹಿಡಿದೆವು. ನಾನು ಕಳಮಶ್ಶೇರಿಯ ದೊಡ್ಡದೊಂದು ಪ್ರಯೋಗಾಲಯಕ್ಕೆ ಸೇರಿದೆ. ಬೆಳಿಗ್ಗೆ ಮೆಟ್ರೊ ಹತ್ತಿದರೆ ಒಂದೇ ಓಟ. ಹೊಸ ಜಾಗದಲ್ಲಿ ಎಲ್ಲದಕ್ಕೂ ಲೆಕ್ಕ. ಏನನ್ನಾದರೂ ಹೊರಗೆ ಒಯ್ಯಬೇಕಾದರೆ ಮ್ಯಾನೇಜರರಿಗೆ ಅರ್ಜಿ ಬರೆದು ಸಹಿ ಹಾಕಿಸಬೇಕು. ನನಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬಂದ ಎರಡನೇ ತಿಂಗಳೇ ಕೈಚಾಚಿ ನಿಲ್ಲುವುದು ಹೇಗೆ ಅನ್ನಿಸಿತು. ಹಳೆಯ ಯಜಮಾನರಿಗೆ ಒಂದು ಫೋನ್ ಮಾಡಿದ್ದರೂ ಆಗುತ್ತಿತ್ತು. ನಾನು ಬಿಟ್ಟುಬಂದಾಗ ಅವರು ನೊಂದುಕೊಂಡಿದ್ದರು, ಆ ಮುಜುಗರಕ್ಕೆ ಅದನ್ನೂ ಮಾಡಲಿಲ್ಲ.

ಆ ವರ್ಷ ಅವಳ ಕಡೆ ಮಳೆಯಾಗಲಿಲ್ಲ. ಗಿರಣಿಗೆ ಜನ ಮುಗಿಬೀಳುತ್ತಿದ್ದಾರೆ, ಎಳೆ ಗೆಣಸನ್ನೇ ಕಿತ್ತು ತರುತ್ತಿದ್ದಾರೆ, ಪಟ್ಟಿ ಮುಗಿಯುತ್ತ ಬಂತು ಎಂದು ಅವಳ ಸಂದೇಶ ಬಂತು. ಈ ವಾರ ಖಂಡಿತ ಕಳಿಸುತ್ತೇನೆ ಎಂದು ಬರೆದೆ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿದಳು. ಮತ್ತೆ ಅದೇ ಬರೆದೆ. ಮೂರನೇ ಸಲ, ಪೋಸ್ಟಿಗೆ ಹಾಕಿದಿರಾ ಎಂದು ಮಾತ್ರ ಕೇಳಿದ್ದಳು. ನಾಳೆ ಎಂದು ಬರೆದೆ. ಬರೆಯುವಾಗ ಪ್ರತಿ ಸಲವೂ ಅದು ನಿಜವೆಂದೇ ನಂಬಿದ್ದೆ.

ಗಂಡ ಒಂದು ಸಂಜೆ ನನ್ನ ಮುಖ ನೋಡಿ ವಿಚಾರಿಸಿದ. ಹೇಳಿದೆ. "ಆಗೂದಿಲ್ಲಂತ ಆ ಹುಡುಗಿಗೆ ಹೇಳಿಬಿಡು, ಇಲ್ಲಾ ನಾಳೆ ಹೋಗಿ ಕೇಳಿಬಿಡು," ಎಂದ. "ನಡುವ ಯಾಕ ನೇತಾಡ್ತಿ?"

ಅದಾದ ಮೇಲೂ ಒಂದು ವಾರ ಬಿಟ್ಟು ಅರ್ಜಿ ಕೊಟ್ಟೆ. ಮ್ಯಾನೇಜರರು ಓದಿ, ಯಾವ ದೇಶಕ್ಕೆ ಎಂದು ಕೇಳಿ, ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿಕೊಂಡರು. ಒಂದು ನಿಮಿಷವೂ ಹಿಡಿಯಲಿಲ್ಲ. ಅದೇ ದಿನ ಪೊಟ್ಟಣ ಕಳಿಸಿದೆ. ಅವಳು ಮೊದಲು ಕೇಳಿ ಏಳು ವಾರವಾಗಿತ್ತು.

ತಲುಪಿತು ಎಂಬ ಉತ್ತರ ಬರಲಿಲ್ಲ. ತಿಂಗಳಾಯಿತು. ಸುಗ್ಗಿಯ ಗಡಿಬಿಡಿ ಇರಬಹುದು ಅಂದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಮಗಳ ಸಮವಸ್ತ್ರ ಒಣಹಾಕುತ್ತಿದ್ದಾಗ ಅವಳೇ ಫೋನ್ ಮಾಡಿದಳು. ನನ್ನ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದಳು. ಆಮೇಲೆ ಹೇಳಿದಳು. ಇಬ್ಬರು ಮಕ್ಕಳಿಗೆ ಕಾಲು ಹೋಗಿದೆ. ಒಬ್ಬಳಿಗೆ ಏಳು ವರ್ಷ, ಇನ್ನೊಬ್ಬನಿಗೆ ಐದು. ಅಣ್ಣತಮ್ಮಂದಿರ ಮಕ್ಕಳು, ಒಂದೇ ಅಂಗಳದವರು. ಇಬ್ಬರ ಮನೆಗೂ ಹಿಟ್ಟು ಗಿರಣಿಯಿಂದ ಹೋಗಿತ್ತು.

ಪಟ್ಟಿ ಮುಗಿದ ಮೇಲೆ ಯಾವ ಚೀಲದಲ್ಲಿ ಎಷ್ಟು ವಿಷವಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಎಲ್ಲವನ್ನೂ ಎರಡೆರಡು ಸಲ ಹರಡಲು ಚಾಪೆಗಳು ಸಾಲವು, ಜನ ಹಸಿದು ಅಂಗಳದಲ್ಲೇ ಕೂತಿದ್ದಾರೆ. ಎಲ್ಲವನ್ನೂ ಒಂದೊಂದೇ ಸಲ ಹರಡಿ ಕೊಟ್ಟಳು. ನನ್ನ ಪೊಟ್ಟಣ ಮುಟ್ಟಿದ್ದು ಮಕ್ಕಳು ಬಿದ್ದ ಹತ್ತು ದಿನಕ್ಕೆ. ತಂಗಿ ಆ ಮನೆಗಳಿಂದ ಉಳಿದ ಹಿಟ್ಟು ತರಿಸಿ ಪರೀಕ್ಷೆ ಮಾಡಿದಳು. ಪಟ್ಟಿ ಕಡುಕಂದಾಯಿತು. ಆದರೆ ಮನೆಯಲ್ಲಿ ಕುಟ್ಟಿದ ಹಿಟ್ಟನ್ನೂ ಅದೇ ಮಡಕೆಗೆ ಸುರಿದಿದ್ದರಂತೆ. ವಿಷ ಯಾವುದರಲ್ಲಿತ್ತು ಎಂದು ಹೇಳಲು ಬರುವಂತಿರಲಿಲ್ಲ.

ಹಾಗಿದ್ದರೆ ನಿನ್ನದೇ ತಪ್ಪು ಅನ್ನುವ ಹಾಗಿಲ್ಲವಲ್ಲ ಎಂದೆ. ಆ ಮಾತಿನಲ್ಲಿ ನನ್ನನ್ನೂ ಬಿಡಿಸಿಕೊಳ್ಳುತ್ತಿದ್ದೆ ಎಂದು ಅವಳಿಗೆ ತಿಳಿಯಿತೆಂದು ಕಾಣುತ್ತದೆ.

"ಆಗಲ್ಲ ಅಂದಿದ್ದರೆ ಸಾಕಿತ್ತು ಚೇಚ್ಚಿ," ಎಂದಳು. ದನಿ ಏರಿರಲಿಲ್ಲ. "ಗಿರಣಿಗೆ ಬೀಗ ಹಾಕ್ತಿದ್ದೆ. ಬೈಸಿಕೊಳ್ತಿದ್ದೆ. ನೀವು ನಾಳೆ ಅಂದಿರಿ, ನಾನು ನಾಳೆ ಅಂತ ಕಾದೆ."

ತಪ್ಪಾಯಿತು ಎಂದೆ. ಕೇಳಿಸಿತು ಎಂದಳು. ಅದಕ್ಕಿಂತ ಹೆಚ್ಚು ಹೇಳಬೇಕೆಂದು ನಾನು ಬಯಸುವುದು ನ್ಯಾಯವಲ್ಲ. ಫೋನ್ ಇಟ್ಟ ಮೇಲೆ ಉಳಿದ ಬಟ್ಟೆ ಹಾಗೇ ಬಕೆಟ್ಟಿನಲ್ಲಿ ಬಿಟ್ಟು ಒಳಗೆ ಹೋಗಿ ಮಲಗಿದೆ. ಮಗಳು ಬಂದು, "ಅಮ್ಮೇ, ಎಂತು ಪಟ್ಟಿ?" ಎಂದು ಮಲಯಾಳದಲ್ಲಿ, ಏನಾಯಿತೆಂದು ಕೇಳಿದಳು. ತಲೆನೋವು ಎಂದೆ.

ಗಿರಣಿಯನ್ನು ಯಾರೂ ಮುಚ್ಚಿಸಲಿಲ್ಲ. ಹೆಂಗಸರು ಬರುವುದನ್ನು ಬಿಟ್ಟರು, ಅಷ್ಟೆ. ವಿಷದ ಮಾತನ್ನು ಊರಿಗೆ ತಂದವಳೇ ಅವಳು, ಗಿರಣಿಗೆ ಮುಂಚೆ ವಿಷ ಎಂಬ ಹೆಸರೇ ಇರಲಿಲ್ಲ ಎಂದು ಕೆಲವರು ಆಡಿಕೊಂಡರಂತೆ. ಅಪ್ಪನನ್ನು ದಾರಿಯಲ್ಲಿ ಮಾತಾಡಿಸುವವರು ಕಡಿಮೆಯಾದರು. ಯಂತ್ರವನ್ನು ಪಕ್ಕದ ಊರಿನವನೊಬ್ಬ ಗೋವಿನಜೋಳ ಬೀಸಲು ಒಯ್ದ. ಅವಳೀಗ ಬಂದರಿರುವ ಪಟ್ಟಣದಲ್ಲಿ ಬೀಜ, ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ತಂಗಿ ಮನೆಯಲ್ಲಿದ್ದಾಳೆ. ದಿನಕ್ಕೆ ಇಪ್ಪತ್ತು ಬಾಟಲಿ ನೋಡುತ್ತಿದ್ದ ಹುಡುಗಿಗೆ ಈಗ ಮಾಡಲು ಕೆಲಸವಿಲ್ಲ. ನನ್ನನ್ನು ಹೆಚ್ಚು ನೋಯಿಸುವುದು ಇದು.

ನನ್ನ ನೌಕರಿ ಖಾಯಂ ಆಯಿತು. ಪ್ರಯೋಗಾಲಯದಲ್ಲಿ ಈ ವಿಷಯ ಯಾರಿಗೂ ಹೇಳಿಲ್ಲ.

ಕಳೆದ ವರ್ಷದ ಕೊನೆಗೆ ಒಮ್ಮೆ ಅವಳಿಗೆ ನಾನೇ ಫೋನ್ ಮಾಡಿದೆ. ಮಳೆ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದಳು. ಏಳು ವರ್ಷದವಳು ಕೋಲು ಹಿಡಿದು ನಡೆಯುತ್ತಿದ್ದಾಳೆ, ಐದು ವರ್ಷದವನಿಗೆ ಅದೂ ಆಗುತ್ತಿಲ್ಲ, ಅವನ ತಾಯಿ ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾಳೆ ಎಂದು ತಿಳಿಸಿದಳು. ತಿಂಗಳಿಗೊಮ್ಮೆ ಊರಿಗೆ ಹೋದಾಗ ಆ ಎರಡು ಮನೆಗೂ ಹೋಗಿ ಕೂತು ಬರುತ್ತಾಳಂತೆ. ಮೊದಮೊದಲು ಯಾರೂ ಕೂರಲು ಹೇಳುತ್ತಿರಲಿಲ್ಲ, ಈಗ ಹೇಳುತ್ತಾರೆ. ಮತ್ತೆ ಗಿರಣಿ ಹಾಕುವ ಯೋಚನೆ ಇದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಅಂಗಡಿಗೆ ಯಾರೋ ಬಂದರು, ಆಮೇಲೆ ಮಾತಾಡುವುದಾಗಿ ಹೇಳಿ ಫೋನ್ ಇಟ್ಟಳು. ಆಮೇಲೆ ಅವಳೂ ಮಾಡಿಲ್ಲ, ನಾನೂ ಮಾಡಿಲ್ಲ.