ಅಮಾವಾಸ್ಯೆಯ ದಿನ ತಟ್ಟಿದ ನೆಲ

ಕೆಲಸ ಏನು ಎಂದು ಯಾರಾದರೂ ಕೇಳಿದರೆ ಭೂಕಂಪ ನೋಡುವುದು ಎನ್ನುತ್ತೇನೆ. ನಿಜ ಹೇಳಬೇಕೆಂದರೆ ನಾನು ದಿನವಿಡೀ ಮಾಡುವುದು ಭೂಕಂಪ ಅಲ್ಲದ್ದನ್ನು ಅಳಿಸುವ ಕೆಲಸ. ಹಿಂದೂಪುರದ ಹೊರಗೆ ಬಂಡೆಯ ಮೇಲೆ ಕೂರಿಸಿದ ಯಂತ್ರ ಒಂದು, ಕಲ್ಯಾಣದುರ್ಗದ ಹತ್ತಿರ ಇನ್ನೊಂದು. ನೆಲ ಅಲುಗಿದರೆ ಎರಡೂ ಹಿಂದೂಪುರದ ನಮ್ಮ ಆಫೀಸಿಗೆ ಗೆರೆ ಕಳಿಸುತ್ತವೆ. ಆದರೆ ಲಾರಿ ಹೋದರೂ ಗೆರೆ, ಬೋರ್‌ವೆಲ್ ಕೊರೆದರೂ ಗೆರೆ, ಕುರಿ ಹಿಂಡು ಬೇಲಿಗೆ ಮೈ ಉಜ್ಜಿದರೂ ಗೆರೆ. ಎಲ್ಲಕ್ಕಿಂತ ಹೆಚ್ಚು ಕಾಟ ಕಲ್ಲು ಕ್ವಾರಿಗಳದ್ದು. ಕೂಲಿಯವರು ಮಧ್ಯಾಹ್ನ ಊಟಕ್ಕೆ ದೂರ ಹೋದಾಗ ಬಂಡೆ ಸಿಡಿಸುತ್ತಾರೆ. ಆ ಗೆರೆ ಯಾವುದು, ಸಣ್ಣ ಕಂಪನದ ಗೆರೆ ಯಾವುದು ಎಂದು ತಿಳಿಯಲು ತಾಳ್ಮೆಯಿಂದ ಕೂತು ನೋಡಬೇಕು. ನಾನು ಗಡಿಯಾರ ಮಾತ್ರ ನೋಡುತ್ತಿದ್ದೆ. ಮಧ್ಯಾಹ್ನ ಬಂದರೆ 'ಕ್ವಾರಿ' ಎಂದು ಷರಾ ಬರೆ, ಪಟ್ಟಿಯಿಂದ ಅಳಿಸು, ಮುಂದಕ್ಕೆ ಹೋಗು. ಇಷ್ಟು ಬೇಗ ಕೆಲಸ ಮುಗಿಸುವವನು ಇನ್ನೊಬ್ಬನಿಲ್ಲ ಎಂಬ ಜಂಬ ಬೇರೆ.

ನನ್ನ ಅಕ್ಕ ಹಿಂದೂಪುರದ ಹತ್ತಿರದ ಸೋಮಂದೇಪಲ್ಲಿಯಲ್ಲಿ ಸೀರೆ ನೇಯುತ್ತಾಳೆ. ಅವಳದು ಗುಂಡಿ ಮಗ್ಗ. ನೆಲದಲ್ಲಿ ಅಗೆದ ಗುಂಡಿಗೆ ಸೊಂಟದವರೆಗೆ ಕಾಲು ಇಳಿಬಿಟ್ಟು ಕೂರಬೇಕು, ಕೆಳಗಿನ ಹಲಗೆ ತುಳಿಯುತ್ತಾ ಮೇಲೆ ಲಾಳಿ ಎಸೆಯಬೇಕು. ಬೆಳಗಿನಿಂದ ಸಂಜೆಯವರೆಗೆ ಅವಳ ಅಂಗಾಲು ನೆಲದೊಳಗೇ ಇರುತ್ತದೆ. ಬೆನ್ನ ಹಿಂದೆ ಮಾವನ ಕಾಲದ ಕಲ್ಲು ಮಣ್ಣಿನ ಗೋಡೆ.

ಆ ವರ್ಷ ನಮ್ಮ ಕಡೆ ಎಂದೂ ಕಾಣದ ಮಳೆ. ಬತ್ತಿದ್ದ ಬಾವಿಗಳೆಲ್ಲ ತುಂಬಿದವು. ಬಂಡೆಯ ಸಂದಿಗೆ ನೀರಿಳಿದರೆ ನಮ್ಮಂಥ ಗಟ್ಟಿ ನೆಲವೂ ಸಣ್ಣಗೆ ಅಲುಗಬಹುದು ಎಂದು ನಾನೇ ಶಾಲೆಗಳಿಗೆ ಹೋಗಿ ಹೇಳಿ ಬಂದಿದ್ದೆ. ಅದೇ ಮಳೆಯಲ್ಲಿ ಕಲ್ಯಾಣದುರ್ಗದ ಯಂತ್ರದ ಬ್ಯಾಟರಿ ಸತ್ತಿತು. ಬಸ್ಸು ಹತ್ತಿ ಹೋಗಿ ಬದಲಾಯಿಸಬೇಕಿತ್ತು. ನಾಳೆ ಹೋದರಾಯಿತು ಎಂದುಕೊಂಡು ವಾರಗಳು ಕಳೆದವು. ಒಂದೇ ಯಂತ್ರದಿಂದ ಕಂಪನ ಎಲ್ಲಿಂದ ಬಂತೆಂದು ಸರಿಯಾಗಿ ಹೇಳಲಾಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಆಗಲೇ ಅಕ್ಕನ ಫೋನುಗಳು ಶುರುವಾದವು.

"ಏನಪ್ಪಾ ಭೂಮಿ ಡಾಕ್ಟ್ರೇ, ನೆಲ ಕೆಳಗಿಂದ ತಟ್ತು ಕಣ್ಲಾ. ಕಾಲಿಗೆ ಗೊತ್ತಾಯ್ತದೆ."

"ಕ್ವಾರಿ ಕಣಕ್ಕಾ."

"ಕ್ವಾರಿದಾದ್ರೆ ಮೊದ್ಲು ಕಿವಿಗೆ ಬತ್ತದೆ. ಇದು ಕಾಲಿಗೆ ಮೊದ್ಲು ಬಂತು."

ನಾನು ನಕ್ಕೆ. ನೆಲ ತಟ್ಟಿದಾಗಲೆಲ್ಲ ಅವಳು ನೇಯುತ್ತಿದ್ದ ಸೀರೆಯ ಅಂಚಿಗೆ ಒಂದು ಹಳದಿ ನೂಲು ಗಂಟು ಹಾಕುತ್ತಿದ್ದಳಂತೆ. ಅದಕ್ಕೂ ನಕ್ಕೆ.

ಒಂದು ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ನಮ್ಮ ಮಗ್ಗಗಳಿಗೆ ರಜ. ಅಕ್ಕ ಗುಂಡಿಗಿಳಿದು ನೂಲಿನ ಧೂಳು ಗುಡಿಸಿ, ಹಲಗೆಗೆ ಎಣ್ಣೆ ಹಚ್ಚಿ ಊದುಬತ್ತಿ ಹಚ್ಚುತ್ತಾಳೆ. ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚುವಾಗ ಅವಳ ಫೋನು ಬಂತು. ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ.

"ಈಗ ಜೋರಾಗಿ ತಟ್ಬುಡ್ತು. ಗೋಡೆಯಿಂದ ಮಣ್ಣುದುರ್ತು. ಮಗ್ಗ ಬಿಚ್ಚಿ ನಡುಮನೇಲಿ ಹೊಸ ಗುಂಡಿ ತೆಗೆಯಾನ ಅಂತವ್ರೆ ನಿಮ್ ಭಾವ. ಏನ್ ಮಾಡ್ಲಿ ಹೇಳು."

ಪರದೆಯಲ್ಲಿ ಗೆರೆಯಿತ್ತು. ಗಡಿಯಾರ ಊಟದ ಹೊತ್ತು ತೋರಿಸುತ್ತಿತ್ತು. "ಕ್ವಾರಿನೇ ಕಣಕ್ಕಾ. ಅರ್ಧ ನೇಯ್ದ ಸೀರೆ ಯಾಕೆ ಕತ್ತರಿಸ್ತೀಯಾ? ಸುಮ್ನೆ ಕೂತ್ಕೊಂಡು ನೇಯಿ."

"ಇವತ್ತು ಅಮಾವಾಸ್ಯೆ ಕಣೋ," ಎಂದಳು.

"ನಿನ್ನ ಅಮಾವಾಸ್ಯೆ ಭೂಮಿಗೇನು ಗೊತ್ತು!" ಎಂದು ನಾನು ರೇಗಿದೆ. ಓದದ ಹೆಂಗಸು ಮೂಢನಂಬಿಕೆ ಹೇಳುತ್ತಿದ್ದಾಳೆ ಎಂದೇ ನನ್ನ ಮನಸ್ಸಿಗೆ ಬಂದದ್ದು. ಫೋನು ಇಟ್ಟೆ. ಆ ಗೆರೆಯನ್ನು ಅಳಿಸಿ ಊಟಕ್ಕೆ ಕೂತೆ.

ಮೂರನೇ ದಿನ ಅದೇ ಹೊತ್ತಿಗೆ ಇನ್ನೊಂದು ಗೆರೆ ಬಂತು. ಅಳಿಸಿ ಕೈ ತೊಳೆಯಲು ಎದ್ದೆ. ಕೈ ಒರೆಸಿಕೊಳ್ಳುವ ಮೊದಲೇ ಭಾವನ ಫೋನು. ಗೋಡೆ ಮಗ್ಗದ ಮೇಲೆ ಬಿದ್ದಿತ್ತು. ಗುಂಡಿಯಲ್ಲಿ ಕಾಲಿಟ್ಟವರು ಥಟ್ಟನೆ ಎದ್ದು ಓಡಲಾರರು. ಕೈಯೂರಿ ಮೈಯನ್ನು ಮೇಲೆಳೆದುಕೊಳ್ಳುವಷ್ಟರಲ್ಲಿ ಕಲ್ಲುಗಳು ಗುಂಡಿಗೆ ಉರುಳಿ ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ಮುರಿದಿದ್ದವು.

ಹಿಂದೂಪುರದ ಆಸ್ಪತ್ರೆಯಲ್ಲಿ ಅವಳು ನನ್ನನ್ನು ನೋಡಿ, "ಊಟ ಮಾಡ್ದೇನ್ಲಾ?" ಎಂದು ಕೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ವರಾಂಡಕ್ಕೆ ಬಂದು ಅತ್ತುಬಿಟ್ಟೆ.

ಮಾರನೆಯ ದಿನ ಅಕ್ಕನ ಊರಿನ ಪಕ್ಕದ ಕ್ವಾರಿಯ ಮೇಸ್ತ್ರಿಗೆ ಫೋನು ಮಾಡಿ, ಅಮಾವಾಸ್ಯೆಯ ದಿನ ಎಷ್ಟು ಹೊತ್ತಿಗೆ ಸಿಡಿಸಿದಿರಿ ಎಂದು ಕೇಳಿದೆ. ಆತ ನಕ್ಕು ತೆಲುಗಿನಲ್ಲಿ ಕೇಳಿದ. "ಅಮಾವಾಸ್ಯ ರೋಜು ಎವರು ಪೇಲುಸ್ತಾರು ಸಾರೂ?" ಅಮಾವಾಸ್ಯೆಯ ದಿನ ಸೀಮೆಯ ಯಾವ ಕ್ವಾರಿಯಲ್ಲೂ ಬಂಡೆ ಸಿಡಿಸುವುದಿಲ್ಲ. ಬಂಡೆ ಕೊರೆಯುವ ಕಂಪ್ರೆಸರಿಗೆ ನಿಂಬೆಹಣ್ಣು ಕಟ್ಟಿ, ತೆಂಗಿನಕಾಯಿ ಒಡೆದು ಮನೆಗೆ ಹೋಗುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಅವತ್ತು ಬೆಳಿಗ್ಗೆಯೇ ದಾರಿಯಲ್ಲಿ ಹಾಗೆ ನಿಂಬೆಹಣ್ಣು ಕಟ್ಟಿಸಿಕೊಂಡು ನಿಂತಿದ್ದ ಕಂಪ್ರೆಸರನ್ನು ಕಣ್ಣಾರೆ ನೋಡಿದ್ದೆ. ಅಕ್ಕ ನನಗೆ ಸಾಕ್ಷಿ ಹೇಳುತ್ತಿದ್ದಳು, ನಾನು ಮೂಢನಂಬಿಕೆ ಕೇಳಿಸಿಕೊಂಡಿದ್ದೆ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ ಪಟ್ಟಿಯಿಂದ ಅಳಿಸಿದ್ದ ಗೆರೆಗಳನ್ನೆಲ್ಲ ಮೂಲ ದಾಖಲೆಯಿಂದ ಮತ್ತೆ ಹೊರತೆಗೆಸಿದೆ. ಭಾವ ಮಗ್ಗದಿಂದ ಕತ್ತರಿಸಿ ತೆಗೆದ ಅರ್ಧ ಸೀರೆಯನ್ನು ಅಕ್ಕನ ಮಂಚದ ಮೇಲೆ ಹರಡಿದೆವು. ದಿನಕ್ಕೆ ಎಷ್ಟು ಮೊಳ ನೇಯುತ್ತಾಳೆಂದು ಅವಳಿಗೆ ಗೊತ್ತು. ಗಂಟು ಮುಟ್ಟಿ ಮುಟ್ಟಿ ದಿನ ಹೇಳಿದಳು. ಒಂದೊಂದು ಗಂಟಿಗೂ ನನ್ನ ಹತ್ತಿರ ಒಂದು ಗೆರೆಯಿತ್ತು. ಎಲ್ಲದರ ಮೇಲೂ ನನ್ನ ಕೈಯಿಂದಲೇ 'ಕ್ವಾರಿ' ಎಂಬ ಷರಾ. ತಾಳ್ಮೆಯಿಂದ ನೋಡಿದಾಗ ಹೆಚ್ಚಿನವು ಕ್ವಾರಿಯವಲ್ಲ. ಮೇಲಿನವರಿಗೆ ತಪ್ಪೊಪ್ಪಿಕೊಂಡು ಪತ್ರ ಬರೆದೆ, ಕಲ್ಯಾಣದುರ್ಗಕ್ಕೆ ಹೋಗಿ ಬ್ಯಾಟರಿ ಹಾಕಿ ಬಂದೆ. ಗೋಡೆ ಮಳೆಗೆ ನೆಂದು ಬಿದ್ದದ್ದು ಎಂದು ಊರವರು ಸಮಾಧಾನ ಹೇಳುತ್ತಾರೆ. ಇರಬಹುದು. ಅದರ ಪಕ್ಕ ಕೂತ್ಕೋ ಎಂದವನು ನಾನು ತಾನೇ.

ಈಗ ಮಗ್ಗ ನಡುಮನೆಯಲ್ಲಿದೆ. ಅಕ್ಕನ ಬಲಗಾಲು ಹಲಗೆ ತುಳಿಯಲಾರದು, ಭಾವ ನೇಯುತ್ತಾರೆ. ಕಳೆದ ಅಮಾವಾಸ್ಯೆಗೆ ಹೋಗಿದ್ದಾಗ ನಾನೇ ಗುಂಡಿಗೆ ಕಾಲು ಇಳಿಬಿಟ್ಟು ಕೂತೆ. ಅಕ್ಕ ಪಕ್ಕದಲ್ಲಿ ಕುರ್ಚಿಯ ಮೇಲಿದ್ದಳು. ಸ್ವಲ್ಪ ಹೊತ್ತಿಗೆ ಅಂಗಾಲಿನಲ್ಲಿ ಏನೋ ಸರಿದ ಹಾಗಾಯಿತು. ಹೆದ್ದಾರಿಯ ಲಾರಿಯೋ, ನನ್ನ ಎದೆ ಬಡಿತವೋ, ನೆಲವೋ.

"ಏನ್ಲಾ ಅದು?" ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಕಣಕ್ಕಾ."

ಅವಳು ತನ್ನ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿಟ್ಟುಕೊಂಡಳು.

"ಇದನ್ನೇ ಅವತ್ತು ಹೇಳಿದ್ದಿದ್ರೆ ಸಾಕಿತ್ತು ಕಣಪ್ಪ," ಎಂದಳು. "ಎದ್ದು ಬತ್ತಿದ್ದೆ."