ಎರಡನೇ ಕ್ರಶರ್‌ನ ಹಲ್ಲು ಮುರಿದ ಕಲ್ಲು

ಸೂಜಿಗಲ್ಲಕ್ಕನಿಗೆ ಹನ್ನೊಂದು ದಿನದ ಕೂಲಿ ಇನ್ನೂ ಬರಬೇಕು. ಅದು ಬಾರದಿದ್ದರೂ ಆಕೆ ಹೇಗೋ ಬದುಕಿಯಾಳು. ಆದರೆ ಆಕೆಯ ಹೆಸರಿನ ಮುಂದೆ ಬರೆದ ‘ನಿರ್ಲಕ್ಷ್ಯ’ ಎಂಬ ಪದ ಅಳಿಸದಿದ್ದರೆ ಯಾವ ಕ್ರಶರ್‌ನವನೂ ಆಕೆಯನ್ನು ಗೇಟಿನೊಳಗೆ ಬಿಟ್ಟುಕೊಳ್ಳುವುದಿಲ್ಲ.

ಜಲ್ಲಿ ಒಡೆಯುವ ಆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಆಕೆಗೆ ಒಂದೇ ಕೆಲಸ. ಎರಡನೇ ಕ್ರಶರ್‌ನ ಬಾಯಿಗೆ ಕಲ್ಲು ಹೊತ್ತೊಯ್ಯುವ ಬೆಲ್ಟಿನ ಪಕ್ಕ ನಿಂತು, ಹಗ್ಗಕ್ಕೆ ಕಟ್ಟಿದ ಅಯಸ್ಕಾಂತ ಆಡಿಸುತ್ತ, ಕಲ್ಲಿನ ಜೊತೆ ಬಂದ ಬೋಲ್ಟು, ಉಳಿ, ಸರಪಳಿ ತುಂಡು ಹೆಕ್ಕಬೇಕು. ಒಂದು ತುಂಡು ಕಬ್ಬಿಣ ಒಳಗೆ ಹೋದರೂ ಕ್ರಶರ್‌ನ ಉಕ್ಕಿನ ಹಲ್ಲು ಮುರಿಯುತ್ತದೆ. ಅಯಸ್ಕಾಂತ ಅಂಟುವ ಮೊದಲೇ ಆಕೆಯ ಮಣಿಕಟ್ಟಿಗೆ ಸುದ್ದಿ ಮುಟ್ಟುತ್ತಿತ್ತು. ಆಕೆಯೇ ಸೂಜಿಗಲ್ಲು ಎಂದು ಜೊತೆಯವರು ಆ ಹೆಸರಿಟ್ಟರು. ಧೂಳು ಕುಡಿದು ಕುಡಿದು ದನಿ ಒಡೆದಿತ್ತು. ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ಒಂದು ಮಂಗಳವಾರ ಎರಡು ಹಲ್ಲು ಮುರಿದವು. ಯಂತ್ರ ನಿಲ್ಲಿಸಿ ನೋಡಿದರೆ ಒಳಗೆ ಸಿಕ್ಕಿಕೊಂಡಿದ್ದದ್ದು ಎರಡು ಮುಷ್ಟಿ ಗಾತ್ರದ, ಸುಟ್ಟ ಚರ್ಮದಂಥ ಕಪ್ಪು ಕಲ್ಲು. ಆ ಕ್ವಾರಿಯ ಬಂಡೆಯೆಲ್ಲ ಬೂದಿ ಬಣ್ಣ. ಇಂಥದ್ದನ್ನು ಆಕೆ ಕಂಡೇ ಇರಲಿಲ್ಲ.

ಇದ್ದದ್ದು ಇದ್ದಂತೆ ಹೇಳಬೇಕು. ಆ ಕಲ್ಲು ಹಾದುಹೋಗುವಾಗ ಆಕೆಯ ಕೈ ತುಸು ಜಗ್ಗಿತ್ತು. ಕಣ್ಣಿಗೆ ಕಲ್ಲಿನಂತೆ ಕಂಡದ್ದರಿಂದ ಬಿಟ್ಟಳು. ‘ಕಲ್ಲಿಗೆಲ್ಲ ಬೆಲ್ಟು ನಿಲ್ಲಿಸಿದ್ರೆ ನನ್ನ ಮನೆ ಹಾಳಾಗುತ್ತೆ’ ಎಂದು ಮಾಲೀಕ ಅದೇ ತಿಂಗಳು ಮೂರು ಸಲ ಉಗಿದಿದ್ದ. ಈಗ ಗೂಬೆಯನ್ನು ತಂದು ಆಕೆಯ ತಲೆಯ ಮೇಲೆಯೇ ಕೂರಿಸಿದ. ಗುಜರಿ ಕಬ್ಬಿಣ ಬಿಟ್ಟಿದ್ದಾಳೆ ಎಂದು ಬರೆದು ಕೆಲಸದಿಂದ ತೆಗೆದ. ಕಪ್ಪು ಕಲ್ಲನ್ನು ಆಕೆ ಊಟದ ಚೀಲಕ್ಕೆ ಇಳಿಸಿಕೊಂಡು ಮನೆಗೆ ಬಂದಳು.

ನಾದಿನಿ ಕಾಲೇಜಿನ ಭೂವಿಜ್ಞಾನದ ಲ್ಯಾಬು ಗುಡಿಸುವವಳು. ಕಲ್ಲನ್ನು ಕೈಯಲ್ಲಿ ತೂಗಿ ನೋಡಿದಳು.

“ಅತ್ತಿಗೆ, ಇದು ಉಲ್ಕೆ ಇದ್ರೂ ಇರ್ಬಹುದು. ನಮ್ಮಲ್ಲಿ ಗಾಜಿನ ಪೆಟ್ಟಿಗೇಲಿ ಇಂಥದ್ದೇ ಒಂದಿದೆ. ಅದರ ಧೂಳು ಹೊಡೆಯೋಳು ನಾನೇ.”

“ಉಲ್ಕೆ ಅಂದ್ರೆ, ಆಕಾಶದಿಂದ ಬಿದ್ದಿದ್ದಾ?”

“ಮತ್ತೇನು, ನಿನ್ನ ತವರಿಂದ ಬಂದಿದ್ದಾ?”

ಆಕಾಶದ್ದಾದರೆ ಗೆದ್ದಂತೆಯೇ. ಮೇಲಿನಿಂದ ಬಿದ್ದದ್ದಕ್ಕೆ ಕೂಲಿಯವಳು ಹೊಣೆಯೇ? ಮರುದಿನ ಗೇಟಿನ ಬಳಿ ಮಾಲೀಕನನ್ನು ತಡೆದು ಹೇಳಿದಳು. ಆತ ಕಾರಿನ ಕಿಟಕಿ ಇಳಿಸಿದ.

“ಪರೀಕ್ಷೆ ಮಾಡಿಸು. ಗುಜರಿಯಾದ್ರೆ ತಪ್ಪು ನಿಂದು. ಆಕಾಶದ್ದಾದ್ರೆ ಕಲ್ಲು ನಂದು, ಜಾಗ ನಂದಲ್ವಾ!”

ಆಕೆ ಕಾರ್ಮಿಕ ಕಚೇರಿಗೆ ದೂರು ಕೊಟ್ಟು, ಕಲ್ಲನ್ನು ನಾದಿನಿಯ ಕಾಲೇಜಿಗೆ ಒಯ್ದಳು. ಅಲ್ಲಿನ ಮೇಷ್ಟ್ರು ಒಳ್ಳೆಯವರು, ಕೆಮ್ಮುವ ಮನುಷ್ಯ. ಹೊಳಪಿಲ್ಲದ ಟೈಲ್ಸಿನ ಬೆನ್ನಿಗೆ ಕಲ್ಲನ್ನು ಉಜ್ಜಿಸಿದರು. ಕಬ್ಬಿಣದ ಅದಿರಾದರೆ ಕೆಂಪು ಇಲ್ಲವೇ ಕಪ್ಪು ಗೆರೆ ಬೀಳಬೇಕು, ಬೀಳಲಿಲ್ಲ. ಮೂಲೆಯೊಂದನ್ನು ಸಾಣೆಕಲ್ಲಿಗೆ ಹಿಡಿದು ತೇಯ್ದಾಗ ಬಿಳಿ ಲೋಹದ ಕಣಗಳು ಮಿನುಗಿದವು.

“ಉಲ್ಕೇಲೂ ಹೀಗೇ ಇರುತ್ತೆ,” ಎಂದರು ಮೇಷ್ಟ್ರು. ನಾದಿನಿ ಅತ್ತಿಗೆಯ ತೋಳು ಚಿವುಟಿದಳು.

ಸೂಜಿಗಲ್ಲಕ್ಕ ಭೂತಗನ್ನಡಿ ಇಸಕೊಂಡು ಬಗ್ಗಿದಳು. ತೇಯ್ದ ಜಾಗದಲ್ಲಿ ಗುಂಡಗಿನ ಸಣ್ಣ ತೂತುಗಳು, ಕುದಿಯುವ ಗಂಜಿಯಲ್ಲಿ ಏಳುವ ಗುಳ್ಳೆಗಳಂತೆ.

“ಈ ತೂತು ಉಲ್ಕೇಲಿ ಇರ್ತಾವಾ ಸಾರ್?”

ಮೇಷ್ಟ್ರೂ ಭೂತಗನ್ನಡಿ ಹಿಡಿದು ನೋಡಿದರು. “ಇರೋದಿಲ್ಲ ಅಂತಲೇ ಹೇಳ್ಬೇಕು. ಆದ್ರೆ ದೊಡ್ಡ ಲ್ಯಾಬಿಗೆ ಕಳಿಸೋವರೆಗೂ ‘ಇರಬಹುದು’ ಅಂತ ಒಂದು ಚೀಟಿ ಕೊಡ್ತೀನಮ್ಮ. ವಿಚಾರಣೆಗೆ ಉಪಯೋಗ ಆಗುತ್ತೆ.”

“ತಗೋ ಅತ್ತಿಗೆ!” ನಾದಿನಿ ಪಿಸುಗುಟ್ಟಿದಳು.

ಆಕೆ ಚೀಟಿ ತೆಗೆದುಕೊಳ್ಳಲಿಲ್ಲ. ಕಲ್ಲನ್ನು ತಾನೇ ಸಾಣೆಗೆ ಒತ್ತಿದಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಒಳಗೆ ಮೊಟ್ಟೆ ಗಾತ್ರದ ಕಬ್ಬಿಣದ ಗಂಟು ಕಾಣಿಸಿತು, ಸುತ್ತ ತೂತೇ ತೂತು. ಮೇಷ್ಟ್ರು ತಲೆಯಾಡಿಸಿದರು: ಇದು ಕಿಟ್ಟ, ಕಬ್ಬಿಣ ಕರಗಿಸುವ ಕುಲುಮೆಯಲ್ಲಿ ಉಳಿಯುವ ಕಸ. ಗಂಟು ಆಳದಲ್ಲಿದ್ದುದರಿಂದ ಅಯಸ್ಕಾಂತ ಸೋತಿತ್ತು.

ನಾದಿನಿ ಮುಖ ಊದಿಸಿಕೊಂಡಳು. “ಕೈಗೆ ಬಂದದ್ದನ್ನ ನೀನೇ ತೇಯ್ದು ಹಾಕಿದೆಯಲ್ಲೇ, ಮಹಾರಾಯಿತಿ!”

“ಸುಮ್ನಿರು. ಇಲ್ಲಿ ಸುತ್ತಮುತ್ತ ಕುಲುಮೆ ಎಲ್ಲಿದೆ? ಮೇಲಿಂದ ಬಿದ್ದಿಲ್ಲ, ನೆಲದಿಂದ ಎದ್ದಿಲ್ಲ. ಅಂದ್ರೆ ಲಾರೀಲಿ ಬಂದಿದೆ.”

ಲಾರಿಗಳನ್ನು ಆಕೆ ಕಂಡಿದ್ದಳು. ಎರಡು ತಿಂಗಳಿಂದ ಟಾರ್ಪಾಲು ಹೊದ್ದು ಬಂದು ಹಿಂದಿನ ರಾಶಿಗೆ ಸುರಿದು ಹೋಗುತ್ತಿದ್ದವು. ಪುಕ್ಕಟೆಗೆ ಸಿಗುವ ಕಿಟ್ಟವನ್ನು ಬಂಡೆಗೆ ಬೆರೆಸಿ, ಬಂಡೆಯ ಬೆಲೆಗೇ ಮಾರುತ್ತಿದ್ದ ಮಾಲೀಕ. ಹಲ್ಲು ಮುರಿದದ್ದು ಆ ಕಳ್ಳತನದಿಂದ.

ಮೇಷ್ಟ್ರು ಅದು ಕಿಟ್ಟವೆಂದೇ ಬರೆದುಕೊಟ್ಟರು. ಕಾರ್ಮಿಕ ಕಚೇರಿಯ ಅಧಿಕಾರಿ ಕಲ್ಲನ್ನು ಮೇಜಿನ ಮೇಲೆ ಉರುಳಿಸಿ ನೋಡಿದ. “ಒಂದೇ ಕಲ್ಲಮ್ಮ. ನಿನ್ನ ಹಿತ್ತಲಿಂದ ತಂದೆ ಅಂತಾರೆ ಅಷ್ಟೇ.”

ಇನ್ನಷ್ಟು ಕಿಟ್ಟ ತರಲು ಹೋದರೆ ಕಾರ್ಖಾನೆಯ ಗೇಟಿನೊಳಗೆ ಆಕೆಯನ್ನು ಬಿಡಲಿಲ್ಲ. ಹಿಂದಿನ ರಾಶಿ ಒಂದೇ ವಾರದಲ್ಲಿ ಮಾಯವಾಯಿತು. ಆದರೆ ಮಾರಿದ ಜಲ್ಲಿಯನ್ನು ವಾಪಸ್ ಹೆಕ್ಕಲು ಮಾಲೀಕನ ಕೈಲಾಗದು. ಅದು ಆಸ್ಪತ್ರೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ಹೊಸ ರಸ್ತೆಯ ಅಂಚಿನುದ್ದಕ್ಕೂ ಬಿದ್ದಿದೆ. ಸೂಜಿಗಲ್ಲಕ್ಕ ಈಗ ಅಲ್ಲಿ ಕುಕ್ಕರಗಾಲಲ್ಲಿ ಕೂತು, ಅಯಸ್ಕಾಂತ ಆಡಿಸುತ್ತ ಇಷ್ಟಿಷ್ಟೇ ಮುಂದೆ ಸಾಗುತ್ತಾಳೆ. ಹುಚ್ಚಿ ಎಂದು ನಗುವವರಿದ್ದಾರೆ. ಇಪ್ಪತ್ತಮೂರು ಚೂರು ಸಿಕ್ಕಿವೆ. ಒಬ್ಬಳೇ ಹೆಕ್ಕಿದ್ದನ್ನು ನಂಬುವುದು ಕಷ್ಟ ಎನ್ನುತ್ತಾನೆ ಅಧಿಕಾರಿ. ವಿಚಾರಣೆ ಬರುವ ತಿಂಗಳ ಮೊದಲ ಸೋಮವಾರ.

ಆ ರಸ್ತೆಯಲ್ಲಿ ನೀವೂ ಓಡಾಡುತ್ತೀರಿ. ಅಯ್ಯೋ ಪಾಪ ಎನ್ನುವುದು ಬೇಡ, ಅದರಿಂದ ಆಕೆಗೆ ಏನೂ ಆಗಬೇಕಾಗಿಲ್ಲ. ಬಗ್ಗಿ. ಒಂದು ಕಪ್ಪು ಚೂರು ಎತ್ತಿ, ಒಡೆದು ನೋಡಿ. ಗುಂಡಗಿನ ತೂತು ಕಂಡರೆ ಕಾಗದದಲ್ಲಿ ಸುತ್ತಿ, ಎಲ್ಲಿ ಸಿಕ್ಕಿತೆಂದು ಬರೆದು, ಕೆಳಗೆ ನಿಮ್ಮ ಸಹಿ ಹಾಕಿ, ಆ ಸೋಮವಾರ ಹತ್ತು ಗಂಟೆಗೆ ಕಾರ್ಮಿಕ ಕಚೇರಿಯ ಮೇಜಿನ ಮೇಲೆ ತಂದಿಡಿ. ಬರುತ್ತೀರೋ ಇಲ್ಲವೋ, ಈಗಲೇ ಹೇಳಿ.